ಗೋಪುರಕ್ಕೆ ಬೆನ್ನು ಮಾಡಿ

ಬಲ ಎಂಬತ್ತೆರಡು, ಗುಣ ಸೊನ್ನೆ.
ಪರದೆಯ ಮೂಲೆಯಲ್ಲಿ ಎರಡು ಪಟ್ಟಿ,
ಒಂದು ತುಂಬಿದೆ, ಒಂದು ಖಾಲಿ.
ನಮ್ಮ ಲೈನಿನ ಸೂಪರ್‌ವೈಸರ್ ಥರ, ಅಂದೆ.
ಹೊಂಬಾಳಮ್ಮ ನಗಲಿಲ್ಲ.
ಕೇಬಲ್ಲಿನವನಿಗೆ ದುಡ್ಡು ಕೊಡುವುದಿಲ್ಲವೆಂದು ಶಪಥ ಮಾಡಿ
ಇಂದಿಗೆ ಹದಿನೇಳು ದಿನ.

ಲಗ್ಗೆರೆ. ಭಾನುವಾರ, ಹನ್ನೊಂದರ ಬಿಸಿಲು.
ತಾರಸಿಯ ಮೇಲೆ ಒಣಹಾಕಿದ ಹಪ್ಪಳಗಳ ನಡುವೆ
ಕಾಲಿಡಲು ಜಾಗ ಹುಡುಕಿಕೊಂಡು
ಜಬೀವುಲ್ಲಾ ಸಾಬರು ಕೊಳವೆ ಹಿಡಿದು ನಿಂತಿದ್ದಾರೆ.
ಒಂದು ಕಾಲಕ್ಕೆ ಈ ಬೀದಿಯ ಮೀನಿನ ಮುಳ್ಳುಗಳನ್ನೆಲ್ಲ
ಆಕಾಶಕ್ಕೆ ನೆಟ್ಟವರು ಇವರೇ.
ಈಗ ಗೇಟುಗಳಿಗೆ ಕ್ಯಾಮೆರಾ ಕೂರಿಸುತ್ತಾರೆ.
"ಆಗ ನೋಡೋದಕ್ಕೆ ಕರೀತಿದ್ರಮ್ಮ,
ಈಗ ಕಾಯೋದಕ್ಕೆ."

ನಾನು ಮೆಟ್ಟಿಲ ತಿರುವಿನಲ್ಲಿ.
ಮೇಲಿನಿಂದ ಬಂತಾ, ಕೆಳಗಿನಿಂದ ಇಲ್ಲ,
ನಡುವೆ ನಾನೊಂದು ತಂತಿ.
ಒಂದು ಗೇಣು ತಿರುಗಿಸಿ ಹತ್ತು ಎಣಿಸಬೇಕಂತೆ.
ಡಬ್ಬಿಗೆ ಅವಸರವಿಲ್ಲ, ಕೂಡಿ ಕಳೆದು ನೋಡುತ್ತದೆ.

ಹಳೆಯದಕ್ಕೆ ಅರ್ಧ ಅನ್ನುವುದು ಗೊತ್ತಿತ್ತು.
ಇರುವೆ ಮುತ್ತಿದ ಪರದೆ,
ವಾರ್ತೆ ಓದುವವಳಿಗೆ ಎರಡು ಮೂಗು,
ದನಿಯಿದ್ದರೆ ಮುಖವಿಲ್ಲ, ಮುಖವಿದ್ದರೆ ದನಿ ಗೊರಗೊರ.
ಮಿಕ್ಕಿದ್ದನ್ನು ನಾವೇ ತುಂಬಿಕೊಂಡು
ನೋಡಿದೆವೆಂದು ಹೇಳುತ್ತಿದ್ದೆವು.
ಇದು ಹಾಗಲ್ಲ.
ಬಂದರೆ ಸೀರೆಯಂಚಿನ ಎಳೆ ಎಣಿಸಬಹುದು,
ಬರದಿದ್ದರೆ ಕಪ್ಪು.
ಹೂಂ, ಇಲ್ಲವೇ ಉಹೂಂ.

ಜೇಸಿ ನಗರದ ಗೋಪುರ ಅಲ್ಲೇ ಇದೆ, ಪೂರ್ವಕ್ಕೆ.
ಹೋದ ದೀಪಾವಳಿಯವರೆಗೆ
ಅದರ ಕೆಂಪು ದೀಪ ನಮ್ಮ ತೊಟ್ಟಿಯ ಪಕ್ಕ ಮಿಣುಕುತ್ತಿತ್ತು.
ಈಗ ಅಲ್ಲಿ ಇಪ್ಪತ್ತೆರಡು ಮಹಡಿ,
ಪ್ರತಿ ಮಹಡಿಗೂ ಹಸಿರು ಪರದೆ ಕಟ್ಟಿ
ಇನ್ನೂ ಏಳುತ್ತಲೇ ಇದೆ.
"ಮತ್ತೆ ಎಂಬತ್ತೆರಡು ಬಲ ಎಲ್ಲಿಂದ ಬಂತು, ಸಾಬರೇ?"
"ಬೂಸ್ಟರ್ ಹಾಕಿದೀನಲ್ಲ.
ಗಲಾಟೆಗೂ ಬಲ ಇರುತ್ತಮ್ಮ."

ಆಮೇಲೆ ಬೀಡಿ ಮುಗಿಸಿ
ಕೊಳವೆಯನ್ನು ಪೂರಾ ತಿರುಗಿಸಿಬಿಟ್ಟರು,
ಗೋಪುರಕ್ಕೆ ಬೆನ್ನು ಮಾಡಿ.
ಪಶ್ಚಿಮಕ್ಕೆ, ರಿಂಗ್ ರೋಡಿನಾಚೆ,
ಹೊಸ ಆಸ್ಪತ್ರೆಯ ಗಾಜಿನ ಗೋಡೆ ಕಣ್ಣು ಕುಕ್ಕುತ್ತಿತ್ತು.

ಒಂದು. ಎರಡು. ಆರು. ಏಳು.
ಕೆಳಗಿನಿಂದ ಹೊಂಬಾಳಮ್ಮ ಮಾತಿಲ್ಲ.
ಇಳಿದು ನೋಡಿದರೆ ಗುಣ ಅರವತ್ತೊಂದು.
ಯಾರೋ ಮೀನಿನ ಮರಿ ಸಾಕುವುದನ್ನು ವಿವರಿಸುತ್ತಿದ್ದಾರೆ,
ಆ ನೀರು ಎಷ್ಟು ನಿಚ್ಚಳವೆಂದರೆ
ಹೊಂಬಾಳಮ್ಮ ಸೆರಗನ್ನು ಮಂಡಿಗೆ ಎಳೆದುಕೊಂಡು ಕೂತಿದ್ದಾಳೆ.

ಟೀ ಕುಡಿಯುತ್ತ ಸಾಬರು ಹೇಳಿದರು:
ಗೋಡೆಗೆ ಬಡಿದು ತಡವಾಗಿ ಬಂದದ್ದೇ
ಆಗ ಎರಡನೆಯ ಮೂಗು ಆಗುತ್ತಿತ್ತು. ದೆವ್ವ ಅನ್ನುತ್ತಿದ್ದೆವು.
ಈಗಿನದರಲ್ಲಿ ಪ್ರತಿ ಮಾತಿಗೂ ಮುಂಚೆ
ಒಂದು ಚೂರು ಬಿಡುವು ಇಟ್ಟಿರುತ್ತಾರೆ,
ಸುತ್ತಿಕೊಂಡು ಬರುವವರಿಗೆ.
ಅಷ್ಟರೊಳಗೆ ಬಂದು ಸೇರಿದರೆ
ತಡವಾದದ್ದೂ ಲೆಕ್ಕಕ್ಕೆ ಬರುತ್ತದೆ.

ಎಷ್ಟು ಬಿಡುವು, ಕೇಳಿದೆ.
ರೆಪ್ಪೆ ಬಡಿಯುವುದರಲ್ಲಿ ಸಾವಿರ ಪಾಲು ಮಾಡು,
ಅದರಲ್ಲೊಂದು, ಅಂದರು.
ಲೋಟ ತೊಳೆಯುವವರೆಗೂ
ನಾನು ಆ ಒಂದು ಪಾಲಿನಲ್ಲೇ ಇದ್ದೆ.

ಸಂಜೆ ಪಕ್ಕದ ಮನೆಯ ಹುಡುಗ ಕೂಗಿದ,
ಆಂಟೀ, ಗಾಳಿಗೆ ನಿಮ್ಮ ಆಂಟೆನಾ ತಿರುಗಿಬಿಟ್ಟಿದೆ, ಸರಿ ಮಾಡ್ಲಾ?
ಇರಲಿ ಬಿಡು ಅಂದೆ.
ಏಳಕ್ಕೆ ವಾರ್ತೆ ಬಂತು, ಒಂದೇ ಮೂಗಿನಲ್ಲಿ.

ಸೋಮವಾರ, ಎಂಟು ಮೂವತ್ತೆರಡು.
ಪೀಣ್ಯದ ಗೇಟು ಹಾಕಿಯಾಗಿತ್ತು.
ವಾಚ್‌ಮನ್ ಗಡಿಯಾರ ತೋರಿಸಿದ. ಎರಡು ನಿಮಿಷಕ್ಕೆ ಅರ್ಧ ದಿನದ ಕೂಲಿ.
ಹೇಳಬೇಕೆನಿಸಿದ್ದು ಬಾಯಿಯವರೆಗೆ ಬಂದು ನಿಂತಿತು.
ಕಾಂಪೌಂಡ್ ಗೋಡೆಯನ್ನು ಕೈಯಲ್ಲಿ ಸವರಿಕೊಂಡು
ಸುತ್ತಿ ಹೋದೆ,
ಹಿಂದೆ, ಕ್ಯಾಂಟೀನಿನ ಬಾಗಿಲಿಗೆ.